ಗುರುವಾರ, ಆಟದ ಸಾಮಾನಿನ ಕೋಣೆ

ಗೋಣಿಕೊಪ್ಪದ ಈ ಶಾಲೆಯಲ್ಲಿ ನನಗೆಂದು ಕೋಣೆಯಿಲ್ಲ.
ಗುರುವಾರ ಹತ್ತರಿಂದ ಒಂದರವರೆಗೆ
ಹಾಕಿ ಸ್ಟಿಕ್ಕು, ಗಾಳಿ ಹೋದ ಚೆಂಡು, ಸುಣ್ಣದ ಡಬ್ಬ,
ಇವುಗಳ ನಡುವೆ ಎರಡು ಕುರ್ಚಿ.
ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ: ಆಪ್ತ ಸಮಾಲೋಚನೆ.
ವಾರ ಕಳೆದು ಬರುವಾಗ
ಯಾರೋ ಆಪ್ತವನ್ನಷ್ಟೇ ಅಳಿಸಿರುತ್ತಾರೆ.
ಮತ್ತೆ ಬರೆಯುತ್ತೇನೆ.

ಮಕ್ಕಳು ಇದನ್ನು ಹುಚ್ಚರ ಕೋಣೆ ಅನ್ನುತ್ತಾರಂತೆ.
ಹಾಗಾಗಿ ನೆಪ ಹಿಡಿದು ಬರುತ್ತಾರೆ,
ಪಂಪು ಬೇಕು, ವಿಸಿಲ್ ಬೇಕು.
ಹುಡುಕುತ್ತಾ ಹುಡುಕುತ್ತಾ ಗೋಡೆಗೆ ಮುಖಮಾಡಿ
ಬೇರೆಯೇ ಏನೋ ಹೇಳಿಬಿಡುತ್ತಾರೆ.

ನಾಚಪ್ಪ, ಒಂಬತ್ತನೇ ಬಿ, ನೆಪವಿಲ್ಲದೆ ಬಂದ.
ಕ್ಲಾಸ್ ಟೀಚರ್ ಚೀಟಿ ಬರೆದಿದ್ದರು:
'ಹುಡುಗ ಮಾತಾಡುತ್ತಿಲ್ಲ. ಮೊದಲು ಹೀಗಿರಲಿಲ್ಲ.'
ಮೂರು ವಾರ ಕೂತ.
ಕೇಳಿದ್ದಕ್ಕೆಲ್ಲ ಹೂಂ,
ಕೇಳದೆ ಬಿಟ್ಟಿದ್ದಕ್ಕೂ ಹೂಂ.

ನಾಲ್ಕನೆಯ ವಾರ ಮೂಲೆಯಿಂದ
ಗೋಲ್‌ಕೀಪರನ ಹೆಲ್ಮೆಟ್ಟು ಎತ್ತಿ ಹಾಕಿಕೊಂಡ.
ಎಷ್ಟೋ ಹುಡುಗರ ಬೆವರು ಕುಡಿದದ್ದು,
ಒಳಗಿನ ಸ್ಪಂಜು ಕಿತ್ತು ಬಂದದ್ದು.
ಜಾಲರಿಯ ಹಿಂದಿನಿಂದ
ಅವನದಲ್ಲದಂಥ ದನಿ ಬಂತು:

'ಮಿಸ್, ನಾನು ಹುಟ್ಟಿದ ದಿನ
ಅಂಗಳದಲ್ಲಿ ಒಂದು ಗುಂಡು ಹಾರಿಸಿದರಂತೆ.
ಊರಿಗೆಲ್ಲ ಕೇಳಿಸಿತಂತೆ, ಗಂಡು ಅಂತ.
ಆಮೇಲೆ ನಂದು
ಯಾರಿಗೂ ಏನೂ ಕೇಳಿಸಿಲ್ಲ.'

ಮಿಕ್ಕದ್ದು ಬಿಡಿಬಿಡಿಯಾಗಿ.
ಅವ್ವ ವಿರಾಜಪೇಟೆಯ ತವರಿಗೆ ಹೋದದ್ದು, ಬಾರದ್ದು.
ಹಾಕಿ ನಮ್ಮೆಯಲ್ಲಿ ಇಡೀ ಒಕ್ಕ ನೋಡುತ್ತಿರುವಾಗ
ಕಾಲ ಸಂದಿಯಿಂದ ನುಸುಳಿದ ಚೆಂಡು.
ಆ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ,
ಅದಕ್ಕೊಂದು ಹಾಡು ಹಚ್ಚಿ.
ಅಪ್ಪ ಒಂದು ಮಾತೂ ಅನ್ನಲಿಲ್ಲ.
'ಅನ್ನಬೇಕಿತ್ತು ಮಿಸ್.'
ರಾತ್ರಿ ನಿದ್ದೆಯಿಲ್ಲದೆ
ಪಡಸಾಲೆಯ ಗೋಡೆ ನೋಡುತ್ತಾ ಕೂರುವುದು.

ಗೋಡೆಯಲ್ಲಿ ಏನಿದೆ ಎಂದು
ಕೊಡಗಿನಲ್ಲಿ ಯಾರೂ ಕೇಳಬೇಕಿಲ್ಲ.
ನಾನು ಕೇಳಿದೆ.
ಆಮೇಲೆ ಅದನ್ನೂ ಕೇಳಿದೆ, ದನಿ ನಡುಗಿಸದೆ,
ಸುತ್ತುಬಳಸದೆ: ಸಾಯಬೇಕು ಅನ್ನಿಸುತ್ತದಾ?
ಹೆಲ್ಮೆಟ್ಟು ಮುಂದಕ್ಕೆ ಬಾಗಿತು.
ಹೂಂ ಅನ್ನಲಿಲ್ಲ. ಮೊದಲ ಸಲ
ಅದು ಉತ್ತರ.

ನಿನ್ನ ಗುಟ್ಟೆಲ್ಲ ಕಾಯುತ್ತೇನೆ, ಇದೊಂದನ್ನು ಬಿಟ್ಟು, ಎಂದೆ.
ಅವನೆದುರೇ ಫೋನು ಮಾಡಿದೆ.
ಕೈಲ್‌ಪೊಳ್ದಿಗೆ ಹೂ ಮುಡಿಸಿ ಕೈಮುಗಿಯುವ ಕೋವಿಯನ್ನು
ಮನೆಯಿಂದ ಆಚೆ ಕಳಿಸಿ ಎನ್ನುವುದು
ನಿವೃತ್ತ ಸುಬೇದಾರರಿಗೆ ಹೇಳುವಂಥ ಮಾತಲ್ಲ.
ಆ ಕಡೆ ಬಹಳ ಹೊತ್ತು ಗಾಳಿಯ ಸದ್ದು,
ಒಂದು ನಾಯಿ.
'ಸಂಜೆಯೊಳಗೆ ಅದು ಅಣ್ಣನ ಮನೆಯಲ್ಲಿರುತ್ತೆ.
ನಾನೀಗ ಹೊರಟೆ. ಅವನನ್ನು ಒಬ್ಬನೇ ಬಿಡಬೇಡಿ.'
ಜೀಪಿನಲ್ಲಿ ಬಂದರು. ಮಗನೆದುರು ನಿಂತು
ಕೈ ಎಲ್ಲಿಡಬೇಕೆಂದು ತಿಳಿಯದೆ
ಹೆಲ್ಮೆಟ್ಟಿನ ಮೇಲಿಟ್ಟರು.

ಇದಾಗಿ ಎರಡು ತಿಂಗಳು.
ಹದಿನೈದು ದಿನಕ್ಕೊಮ್ಮೆ ಮಡಿಕೇರಿಯ ಆಸ್ಪತ್ರೆಗೆ ಹೋಗುತ್ತಾರೆ,
ಇಬ್ಬರೂ.
ಸರಿಹೋಯಿತೇ ಎಂದು ರಿಜಿಸ್ಟರಿನಲ್ಲೊಂದು ಕಾಲಂ ಇದೆ.
ಖಾಲಿ ಬಿಟ್ಟಿದ್ದೇನೆ.

ಈ ಗುರುವಾರ ಡಬ್ಬಿಯಲ್ಲಿ ಕಡಂಬುಟ್ಟು ತಂದ.
ಅಪ್ಪ ಮಾಡಿದ್ದಂತೆ, ಒಂದೂ ಉರುಟಾಗಿಲ್ಲ.
ಹೆಲ್ಮೆಟ್ಟು ಹಾಕಿಕೊಂಡೇ
ಜಾಲರಿಯ ಸಂದಿಯಿಂದ ತುರುಕಲು ನೋಡಿದ, ಆಗಲಿಲ್ಲ.
'ಥೂ' ಅಂದ.
ಮೂಗಿನವರೆಗೆ ಅದನ್ನು ಮೇಲೆತ್ತಿ
ಬಾಯಿಯಷ್ಟನ್ನೇ ಹೊರಗೆ ಬಿಟ್ಟು
ಅಗಿಯತೊಡಗಿದ.
ನನಗೂ ಒಂದು ಕೊಟ್ಟ. ಉಪ್ಪು ಜಾಸ್ತಿ.

ಬಾಗಿಲಲ್ಲಿ ಆರನೇ ಕ್ಲಾಸಿನ ಬೊಳ್ಳಿ.
ಪಂಪು ಬೇಕಂತೆ.
ಕೈಯಲ್ಲಿ ಚೆಂಡಿಲ್ಲ.