ಟೈಮ್ ಹಿಡಿಯಾಂವ

ಮೋಟರ್ ರಿವೈಂಡಿಂಗ್ ಅಂಗಡಿ ಮ್ಯಾಲಿನ ಹಾಲಿನ್ಯಾಗ
ತಿಂಗಳಿಗೊಂದು ಶನಿವಾರ ಕವಿತಾದ ಕುಸ್ತಿ.
ಕುಸ್ತಿ ಅನ್ನಬ್ಯಾಡರಿ ಲದವಾ ಕಾಕಾ, ಸ್ಲ್ಯಾಮ್ ಅನ್ರಿ, ಅಂತಾರ ಹುಡುಗರು.
ಅನ್ನಲಿ. ಕೆಂಪು ಮಣ್ಣಿಲ್ಲ, ಅಷ್ಟ ಫರಕು.
ಒಬ್ಬೊಬ್ಬರಿಗೆ ಮೂರು ಮಿನಿಟು. ಕಾಗದ ಹಿಡಿಯೂ ಹಂಗಿಲ್ಲ.
ಕೂತ ಮಂದಿಯೊಳಗ ಐದು ಜನರನ್ನ ಎಬ್ಬಿಸಿ
ಕೈಗೆ ಪಾಟಿ ಕೊಟ್ಟು, ಹತ್ತಕ್ಕ ಎಷ್ಟು ಬರೀರಿ ಅಂತಾರ.
ಮೊನ್ನೆ ಅದರಾಗೊಬ್ಬಾಂವ
ಕೆಳಗ ಮಿಕ್ಸರ್ ರಿಪೇರಿಗೆ ಕೊಟ್ಟು
ಆಗೂತನಾ ಕೂತರಾತು ಅಂತ ಮ್ಯಾಲೆ ಬಂದಾಂವ.

ನನ್ನ ಕೆಲಸ ಟೈಮ್ ಹಿಡಿಯೂದು.
ಮೂವತ್ತೊಂದು ವರ್ಷ ರೇಲ್ವೆ ವರ್ಕ್‌ಶಾಪಿನ ಭೋಂಗಾ ಕೇಳಿ ಎದ್ದು,
ಭೋಂಗಾ ಕೇಳಿ ಉಂಡು, ಭೋಂಗಾ ಕೇಳಿ ಮನಿಗೆ ಬಂದಾಂವಗ
ಬ್ಯಾರೆ ಏನ ಬರತೈತಿ?
ತೊಡಿ ಮ್ಯಾಲೆ ಸ್ಟೀಲಿನ ತಂಬಿಗಿ, ಕೈಯಾಗ ಚಮಚಾ,
ಎದುರಿಗೆ ಮೊಮ್ಮಗನ ಮೊಬೈಲು.
ಮೂರು ಮಿನಿಟಿಗೆ, ಟಣ್.
ಕವಿಗೋಳು ನನ್ನ ಕಡೆ ನೋಡೂದು
ಸಾಲಾ ವಸೂಲಿಗೆ ಬಂದಾಂವನ್ನ ನೋಡಿಧಂಗ.

ಇಂಜಿನಿಯರಿಂಗ್ ಹುಡುಗ ದೇಶದ ಮ್ಯಾಲೆ ಸಿಟ್ಟಾಗಿ
ಎಂಟು ಪಾಯಿಂಟ್ ಎರಡು.
ಕೇಶ್ವಾಪುರದ ಹಲ್ಲಿನ ಡಾಕ್ಟರಬಾಯಿ
ಬಿಟ್ಟು ಹೋದ ಗಂಡನ ಗೊರಕಿ ತಗದು ನಗಿಸಿ ನಗಿಸಿ ಒಂಬತ್ತು.
ಧಾರವಾಡದಿಂದ ಬಂದಾಂವ ಶುರು ಮಾಡೂಕಿಂತ ಮೊದಲ
ನಲವತ್ತು ಸೆಕೆಂಡು ಕಣ್ಣು ಮುಚ್ಚಿ ನಿಂತಾ.
ಧಾರವಾಡದವರು ಹಂಗ.
ನಾ ಅದನ್ನೂ ಎಣಿಸಿದೆ.

ಆಮ್ಯಾಲೆ ಶಮೀನಾ ನದಾಫ.
ಚಿಗರಿ ಬಸ್ಸಿನ ಟಿಕೀಟು ಕೌಂಟರಿನ ಹುಡುಗಿ,
ಡ್ಯೂಟಿ ಮುಗಿಸಿ ನೆಟ್ಟಗ ಬಂದದ್ದು, ಕೊರಳಾಗ ಕಾರ್ಡು ಹಂಗ ಐತಿ.
ಮೈಕು ಬ್ಯಾಡ ಅಂದ್ಲು.
ಟಂಯ್, ಅಂದ್ಲು.
ಟಂಯ್, ಟಂಯ್, ಟರರ್...
ಅವರಪ್ಪ ಹತ್ತಿ ಹಿಂಜೂ ಬಿಲ್ಲು.
ಫ್ಯಾನಿನ ಗಾಳಿಗೆ ಅರಳಿ ಎದ್ದು ಹಾರಿಧಂಗಾತು,
ಮಿಕ್ಸರಿನಾಂವ ಖರೇನ ಮೂಗಿಗೆ ಕರ್ಚೀಫ ಹಿಡದಾ.

ಯಾರದೋ ಮದುವಿ ಗಾದಿ, ಯಾರದೋ ಬಾಣಂತಿ ಗಾದಿ,
ಯಾರೋ ಸತ್ತ ಮ್ಯಾಲೆ ಬಿಚ್ಚಿ ಹಿಂಜಿ ತಿರಗಾ ಹೊಲದದ್ದು,
ಈ ಊರು ಮಲಗೂ ಒಂದೊಂದು ಗಾದಿಯೊಳಗ
ನಮ್ಮಪ್ಪನ

ಟಣ್.

ಕೈ ನಂದಲ್ಲ, ಭೋಂಗಾದ್ದು.
ಆಕಿ ಬಾಯಿ ಮುಚ್ಚಿದ್ಲು. ಒಂದಕ್ಷರ ಹೆಚ್ಚಿಗಿ ಆಡಲಿಲ್ಲ.
ಪಾಟಿ ಎದ್ದವು, ಬಿದ್ದವು.
ಸೊನ್ನಿ ಪಾಯಿಂಟ್ ಒಂದಕ್ಕ ಕಪ್ಪು ಕೇಶ್ವಾಪುರಕ್ಕ ಹೋತು.

ಮೆಟ್ಟಲಾ ಇಳಿಯಾಗ ಎಲ್ಲಾರದೂ ಅದ: ನಮ್ಮಪ್ಪನ... ಏನು?
ಬೆವರು, ಅಂದಾ ಸಿಟ್ಟಿನ ಹುಡುಗ.
ಅವರ ಕವಿತಾದಾಗ ಯಾವಾಗಲೂ ಬೆವರ ಇರತೈತಿ.
ಕೆಮ್ಮು, ಅಂದಾ ಮಿಕ್ಸರಿನಾಂವ.
ಧಾರವಾಡದಾಂವ ಮತ್ತ ಕಣ್ಣು ಮುಚ್ಚಿದಾ.

ಅವತ್ತ ರಾತ್ರಿ ನನ್ನ ಗಾದಿ ತುಂಬ ಗಂಟು.
ಬಲಕ್ಕ ಹೊಳ್ಳಿದರ ನಮ್ಮಪ್ಪನ,
ಎಡಕ್ಕ ಹೊಳ್ಳಿದರ ನಮ್ಮಪ್ಪನ.
ಇಪ್ಪತ್ತು ವರ್ಷದ ಹಿಂದ ಓಣಿಯೊಳಗ
ಬಿಲ್ಲು ಮಿಡಕೊಂತ ಬಂದಾಂವನ ಕಡೆ ಹಿಂಜಿಸಿದ್ದು.
ಅಂವಾ ಕೇಳಿದ್ದಕ್ಕಿಂತ ಹತ್ತು ರೂಪಾಯಿ ಕಡಿಮಿ ಕೊಟ್ಟು
ಹೋಗೋ ಅಂದಿದ್ದೆ.
ಅಂವನ ಮಾರಿ ನೆನಪಿಲ್ಲ.
ರೊಕ್ಕ ಎಣಿಸೂಮುಂದ
ಬೆರಳಿಗೆ ಅರಳಿ ಅಂಟಿತ್ತು, ಅಷ್ಟು ನೆನಪೈತಿ.

ಸೋಮವಾರ ಉಣಕಲ್ಲಿನ್ಯಾಗ ಕೆಲಸ ಐತಿ ಅಂತ ಮನ್ಯಾಗ ಹೇಳಿದೆ.
ಇರಲಿಲ್ಲ.
ಕೌಂಟರಿನ ಕಿಂಡಿಗೆ ಮಾರಿ ಹಚ್ಚಿ ಕೇಳಿದೆ:
ಯವ್ವಾ, ಆ ಸಾಲು ಮುಂದ ಏನಿತ್ತು?

'ಮರತಿದ್ದೆ ಕಾಕಾ.
ಅಲ್ಲಿಗೆ ಬಂದು ನಿಂತಾಗ ತಲಿ ಖಾಲಿ.
ನೀವು ಬಾರಿಸಿದಿರಿ, ಪಾರಾದೆ.
ಎಲ್ಲಿಗ್ರಿ?'

ಉಣಕಲ್ಲ.
ಈಗಾದರೂ ನೆನಪಾತೇನ?

'ಹಿಂದ ಪಾಳಿ ಐತಿ, ಚಿಲ್ಲರ ಕೊಡ್ರಿ.'

ಸರದು ನಿಂತೆ. ಬಸ್ಸು ಬಂತು,
ಬಾಗಲಾ ತಾನ ತಗೀತು, ತಾನ ಹಾಕ್ಕೋತು, ಹೋತು.
ಗಾಜಿನ ಆಚಿ ಆಕಿ ಬೆರಳ ಬುಡಕ ಮಶೀನು,
ಟರರ್, ನವಲೂರು ಎರಡು,
ಟರರ್, ಜುಬಿಲಿ ಸರ್ಕಲ್ ಒಂದು,
ಟರರ್.