ಅಳತೆ ಪುಸ್ತಕ

ಡೊಂಬಿವಲಿಯ ನಮ್ಮ ಗಲ್ಲಿಗೆ ನೀರು ನುಗ್ಗಿದ ವರ್ಷ
ಹನ್ನೊಂದು ಅಳತೆ ಪುಸ್ತಕಗಳಲ್ಲಿ ನಾಲ್ಕು ಅಂಟಿ ಮುದ್ದೆಯಾದವು.
ಉಳಿದವನ್ನು ತವೆಯ ಮೇಲೆ ಹಾಳೆ ಹಾಳೆಯಾಗಿ ಒಣಗಿಸುತ್ತಿದ್ದೆ.
ನಾದಿನಿಯ ಮಗ ಕೀರ್ತನ್ ಅಂದ:
ಫೋಟೊ ಹೊಡೆದಿಡಿ ಮಾಮಿ, ಕ್ಲೌಡಿಗೆ ಹೋಗುತ್ತೆ.
ನೀರಿಗೆ ಹೆದರಿ ಮೋಡಕ್ಕೆ ಕೊಡೋದಾ, ಅಂತ ನಕ್ಕೆ.
ಕೊಟ್ಟೆ.

ಇಪ್ಪತ್ತೆಂಟು ವರ್ಷದ ಬ್ಲೌಸುಗಳು.
ಎದೆ, ಸೊಂಟ, ತೋಳಿನ ಸುತ್ತು, ಬೆನ್ನಿನ ಇಳಿತ,
ಬದಿಯಲ್ಲಿ ಒತ್ತಕ್ಷರ ತಪ್ಪಿದ ನನ್ನ ಕನ್ನಡ.
ಮರಾಠಿ ಗಿರಾಕಿಗಳಿಗೆ ಓದಲು ಬಾರದು,
ಆಗ ನನಗಿದ್ದ ಬೀಗ ಅದೊಂದೇ.
‘ಬಲಭುಜ ಅರ್ಧ ಇಂಚು ಕೆಳಗೆ.’
‘ಐದು ತಿಂಗಳು. ಮನೇಲಿ ಹೇಳಿಲ್ಲ. ಬದಿಗೆ ಬಟ್ಟೆ ಬಿಡು.’
‘ರಟ್ಟೆಯಲ್ಲಿ ಬರೆ. ತೋಳು ಮೊಣಕೈವರೆಗೆ.’
‘ಶೈಲಜಾ ಕರಂದೀಕರ್: ಎಡಕ್ಕೆ ಒಳಗೆ ಹತ್ತಿ, ಎರಡು ಪದರ.’

ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಹೆಂಗಸರು ತುಂಬಿದ್ದರು.
ಯಾರೂ ನೋಡದ ಟಿವಿ ತನ್ನಷ್ಟಕ್ಕೆ ಚಿತ್ರ ಬದಲಿಸುತ್ತಿತ್ತು:
ಮಗಳ ಕಪ್ಪು ಗೌನು, ಅಲಿಬಾಗಿನ ಅಲೆ, ಕಿಟಕಿಯ ಬೆಕ್ಕು,
ಆಮೇಲೆ ಗೋಡೆಯಗಲ ನನ್ನ ಕೈಬರಹ.
ಪಕ್ಕದ ಮನೆಯ ಸುಗಂಧಿ ಬೈಂದೂರಿನವಳು.
ಊರುಬಿಟ್ಟವರ ಚಟ, ಕನ್ನಡ ಅಕ್ಷರ ಕಂಡರೆ
ಗಟ್ಟಿಯಾಗಿ ಓದಬೇಕು, ಲಾರಿಯ ಹಿಂದಿನದ್ದಾದರೂ.
ಓದಿದಳು: ಶೈಲಜಾ ಕರಂದೀಕರ್, ಎಡಕ್ಕೆ...
ತನ್ನ ಹೆಸರು ಕೇಳಿ ಶೈಲಜಾ ತಲೆಯೆತ್ತಿದರು,
ಬಾಯಲ್ಲಿ ಎಳ್ಳುಂಡೆ.
ಸುಗಂಧಿಗೆ ನಾಲಿಗೆ ಅಲ್ಲೇ ನಿಂತಿತು.
ನಾನು ಪ್ಲಗ್ಗು ಕಿತ್ತೆ.
ಗೋಡೆಯ ಸುಣ್ಣವೂ ಒಂದಿಷ್ಟು ಬಂತು.

ರಾತ್ರಿ ಕೀರ್ತನ್ ಫೋನಿನಲ್ಲಿ ದಾರಿ ಹೇಳಿದ,
ನಾನು ಒತ್ತುತ್ತಾ ಹೋದೆ.
ನಿಮ್ಮ ಹೆಸರಲ್ಲಿ ಏಳು ಸಾಧನಗಳು, ಅಂದಿತು ಪರದೆ.
ಏಳು! ನಾನಿರುವುದು ಒಂದೂವರೆ ಕೋಣೆಯಲ್ಲಿ.
ಟಿವಿ. ಬಿರುಕುಬಿಟ್ಟ ಟ್ಯಾಬು. ಮಗಳ ಹಾಸ್ಟೆಲಿನ ಲ್ಯಾಪ್‌ಟಾಪು.
ಎರಡು ವರ್ಷದ ಹಿಂದೆ ಉಲ್ಲಾಸನಗರದಲ್ಲಿ
ಸಾವಿರದ ಇನ್ನೂರಕ್ಕೆ ಮಾರಿದ ಫೋನು:
ಕೊನೆಗೆ ಕಂಡದ್ದು ಭಿವಂಡಿ, ನಿನ್ನೆ, ಸಂಜೆ ನಾಲ್ಕು ಹತ್ತು.
ಭಿವಂಡಿಯಲ್ಲಿ ಯಾರಪ್ಪ ನೀನು,
ಯಾರ ಅಳತೆ ನೋಡಿದೆ?

ಒಂದೊಂದನ್ನೇ ಹೊರಗೆ ಹಾಕಿದೆ.
ಪಾಸ್‌ವರ್ಡು ಮಗಳ ಹುಟ್ಟಿದ ದಿನವಾಗಿತ್ತು,
ಕೇಕು ತಿಂದವರಿಗೆಲ್ಲ ಗೊತ್ತು. ಬದಲಿಸಿದೆ.
ಓಟಿಪಿ ಇವರ ನಂಬರಿಗೆ ಬರುತ್ತಿತ್ತು, ಅದನ್ನೂ ತಿರುಗಿಸಿಕೊಂಡೆ.
ನನ್ನ ಹತ್ತಿರವೂ ಗುಟ್ಟಾ, ಅಂದರು ಮಗ್ಗುಲಾಗುತ್ತಾ.
ನನ್ನದಾಗಿದ್ದರೆ ಹೇಳುತ್ತಿದ್ದೆ, ಅಂದೆ.

ಮಂಗಳವಾರ ಶೈಲಜಾ ಬಂದರು,
ನೇರಳೆ ಖಣ, ಮೊಮ್ಮಗಳ ಬಾರಸೆಗೆ.
ಟಿವಿಯಲ್ಲಿ ಏನಿತ್ತೆಂದು ಕೇಳಲಿಲ್ಲ.
ಜೋತುಬಿದ್ದ ಪ್ಲಗ್ಗನ್ನು ಒಮ್ಮೆ ನೋಡಿ
ತಾವಾಗಿಯೇ ಕೈಯೆತ್ತಿ ನಿಂತರು.
ಟೇಪು ಸುತ್ತಿದೆ. ಅಂಕಿ ಬಾಯೊಳಗೇ ಎಣಿಸಿದೆ.
ಪೆನ್ಸಿಲು ಕಿವಿಯ ಸಂದಿಯಲ್ಲೇ ಇತ್ತು.