ಪ್ರೂಫ್

ಪುರಂದರಣ್ಣನ ಫೈಲು ಕಂಪ್ಯೂಟರಿನಲ್ಲೇ ಇದೆ.
ಐದು ವರ್ಷಕ್ಕೊಮ್ಮೆ ತೆರೆದು
ಇಸವಿ ಬದಲಿಸಿದರೆ ಆಯ್ತು.
ಮೀಸೆ ಇನ್ನೂ ಕಪ್ಪು, ಕೈ ಮುಗಿದೇ ಇದೆ,
ಹಿಂದೊಂದು ಸೇತುವೆ, ಅದು ಎಲ್ಲಿಯದೋ.

ನಲ್ವತ್ತು ಸಾವಿರ ಪ್ರತಿ. ಕಳೆದ ಸಲದ ಬಿಲ್ಲು
ಗೋಡೆಯ ಮೊಳೆಯಲ್ಲಿ ಹಳದಿಯಾಗುತ್ತಿದೆ.
"ಗೆಲ್ಲುವವರ ಹತ್ತಿರ ದುಡ್ಡು ಕೇಳುವುದುಂಟಾ ಮಾರಾಯ್ರೆ?"
ಅನ್ನುತ್ತಾನೆ ಅವರ ಹುಡುಗ,
ಬಂದರಿನ ಈ ಗಲ್ಲಿಯಲ್ಲಿ ಸ್ಕೂಟರಿನಿಂದ ಇಳಿಯದೆಯೇ.

ನಿನ್ನೆ ಹಿಲ್ಡಾ ಟೀಚರ್ ಬಂದರು, ಕೊಡೆ ಮಡಚಿ
ಐನೂರು ಪ್ರತಿಗೆ ಮುಂಗಡ ಎಣಿಸಿಟ್ಟರು.
ಠೇವಣಿ ಹೋಗುತ್ತದೆಂದು ಅವರಿಗೂ ಗೊತ್ತು,
ನನಗೂ, ಹೊರಗೆ ಬೂತಾಯಿ ಮಾರುವ ಅಪ್ಪಿಯಕ್ಕನಿಗೂ.

ಕಾಯುತ್ತ ಕೂತವರು
ಮೇಜಿನ ಮೇಲಿದ್ದ ಆ ಪ್ರೂಫನ್ನೇ ಓದಿದರು. ನಗಲಿಲ್ಲ.
ಕೆಂಪು ಪೆನ್ನು ತೆಗೆದು
'ಅಭಿವೃದ್ದಿ'ಯ ಒತ್ತಿಗೆ ಹೊಟ್ಟೆ ಸೀಳಿದರು.
ನಾಲ್ಕು ಚುನಾವಣೆ, ಮನೆಮನೆಗೆ ಹಂಚಿದ್ದು,
ಒಬ್ಬರೂ ಕಂಡಿರಲಿಲ್ಲ.

"ನನ್ನ ಕ್ಲಾಸಿನಲ್ಲೇ ಇದ್ದವ.
ಆಗಲೂ ಹೀಗೇ."

ಅವರು ಹೋದ ಮೇಲೆ ಫೈಲು ತೆರೆದು ಕೂತೆ.
ಕರ್ಸರು ಆ ಅಕ್ಷರದ ಪಕ್ಕ
ಮಿನುಗುತ್ತ ಕಾದಿತ್ತು ತುಂಬ ಹೊತ್ತು.
ಹೊರಗೆ ಸ್ಕೂಟರಿನ ಹಾರ್ನ್, ಎರಡು ಸಲ.

ಪ್ರಿಂಟ್ ಒತ್ತಿದೆ.
ಇಸವಿ ಸರಿಯಾಗಿದೆ.